ಎರಡನೆಯವರು ಕಟ್ಟುವ ಬೆಲೆ: ಇಬೇ ಹರಾಜಿನಲ್ಲಿ ಮನೆಯ ಹಳೆಯ ಸಾಮಾನು

ಇಬೇ ಎಂಬ ಅಂತರ್ಜಾಲದ ಮಾರಾಟ ತಾಣದ ಹರಾಜಿನಲ್ಲಿ ನಿಮ್ಮ ವಸ್ತುವಿಗೆ ಬೆಲೆ ಕಟ್ಟುವವರು ಅದನ್ನು ಗೆದ್ದವರಲ್ಲ, ಅವರೆದುರು ಸೋತವರು. ಹಳೆಯ ಸಾಮಾನು ಮಾರಲು ಹೊರಟವರು ಖಾತೆ ತೆರೆಯುವ ಮೊದಲೇ ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು. ಅಲ್ಲಿ ಗಿರಾಕಿಗಳು ಎದುರುಬದುರು ಕುಳಿತು ಒಂದೊಂದೇ ಡಾಲರ್ ಏರಿಸುತ್ತ ಕೂಗುವುದಿಲ್ಲ. ಪ್ರತಿಯೊಬ್ಬರೂ ತಾವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಒಮ್ಮೆ ಬರೆದಿಡುತ್ತಾರೆ. ಆಮೇಲೆ ಅವರ ಪರವಾಗಿ ಕೂಗುವ ಕೆಲಸ ಯಂತ್ರದ್ದು. ಒಬ್ಬರು 90 ಡಾಲರ್ ಬರೆದಿದ್ದಾರೆ, ಇನ್ನೊಬ್ಬರು 75 ಬರೆದಿದ್ದಾರೆ ಎನ್ನಿ. ವಸ್ತು ಹೋಗುವುದು 76ಕ್ಕೆ. 25ರಿಂದ 100 ಡಾಲರ್ ಒಳಗಿನ ಬೆಲೆಗೆ ಏರಿಕೆಯ ಮೆಟ್ಟಿಲು ಒಂದು ಡಾಲರ್ ಆದ್ದರಿಂದ ಈ ಲೆಕ್ಕ. ಉಳಿದ 14 ಡಾಲರ್ ಗೆದ್ದವರ ಜೇಬಿನಲ್ಲೇ ಇರುತ್ತದೆ, ಅದರ ಸುದ್ದಿಯೂ ನಿಮಗೆ ಬರುವುದಿಲ್ಲ. ಎರಡನೆಯವರು ಬಾರದೇ ಹೋದರಂತೂ ಆರಂಭದ ಬೆಲೆಯೆಂದು ನೀವು ಹಾಕಿದ 99 ಸೆಂಟಿಗೇ ವ್ಯಾಪಾರ ಮುಗಿಯಿತು. ಕೊಡಲೇಬೇಕು.

ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರರ ಮನೆಯ ಮಗಳು. ನಮ್ಮ ಮಂಡಿಯಲ್ಲಿ ವ್ಯಾಪಾರಿಗಳು ರಾಶಿಯನ್ನು ಕೈಯಲ್ಲಿ ಆಡಿಸಿ ನೋಡಿ, ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಿನ ದರವೂ ಅಪ್ಪನಿಗೆ ಒಪ್ಪಿಗೆಯಾಗದಿದ್ದರೆ ಚೀಲ ಅಲ್ಲೇ ಉಳಿಯುತ್ತಿತ್ತು. ಮುಂದಿನ ವಾರ ನೋಡೋಣ ಎಂದು ಅವರು ಬಸ್ ಹತ್ತುತ್ತಿದ್ದರು. ಇಬೇಯಲ್ಲಿ ಆ ಸ್ವಾತಂತ್ರ್ಯವಿಲ್ಲ. ‘ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ’ ಎಂಬ ಗುಟ್ಟಿನ ಕನಿಷ್ಠ ಬೆಲೆಯನ್ನು ನಮೂದಿಸಬಹುದು ನಿಜ, ಆದರೆ ಅದಕ್ಕೆ ಬೇರೆಯೇ ಶುಲ್ಕ, ಮಾರಾಟವಾಗದಿದ್ದರೂ ಅದು ವಾಪಸು ಬರುವುದಿಲ್ಲ. ನನ್ನ ಕೇಳಿದರೆ ಅದು ದಂಡದ ಖರ್ಚು. ಆರಂಭದ ಬೆಲೆಯನ್ನೇ ನಿಮಗೆ ನೋವಾಗದ ಮಟ್ಟದಲ್ಲಿ ಇಡಿ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮನೆ ಖಾಲಿ ಮಾಡಿ ಊರಿಗೆ ಮರಳುವುದೆಂದು ನಿರ್ಧರಿಸಿದ ಮೇಲೆ ನನ್ನ ಪಾಲಿಗೆ ಬಂದದ್ದು ಗ್ಯಾರೇಜು. ಕಾರು ನಿಲ್ಲಿಸಲು ಕಟ್ಟಿದ ಆ ಜಾಗದಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಮಗಳು ಎಲ್ಲವನ್ನೂ ಗುಡ್‌ವಿಲ್‌ಗೆ ಕೊಟ್ಟುಬಿಡು ಎಂದಳು. ಹಾಗೆ ದಾನವಾಗಿ ಬಂದದ್ದರಲ್ಲಿ ಬೆಲೆಬಾಳುವುದನ್ನು ಗುಡ್‌ವಿಲ್ ಸಂಸ್ಥೆಯೇ ತನ್ನ ಸ್ವಂತ ಹರಾಜು ಜಾಲತಾಣದಲ್ಲಿ ಮಾರುತ್ತದೆ ಎಂದು ತಿಳಿದ ಮೇಲೆ, ಅದನ್ನು ನಾನೇ ಏಕೆ ಮಾಡಬಾರದು ಎನಿಸಿತು. ಇಬೇಯ ಮುಖ್ಯ ಕಚೇರಿ ಇರುವುದು ಪಕ್ಕದ ಸ್ಯಾನ್ ಹೋಸೆಯಲ್ಲಿ. 1995ರಲ್ಲಿ ಪಿಯರ್ ಒಮಿಡ್ಯಾರ್ ಇದನ್ನು ಆರಂಭಿಸಿದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೊಂಡವರಿಗೆ ಅದು ಕೆಟ್ಟಿದೆಯೆಂದು ಗೊತ್ತಿತ್ತು. ಕೆಟ್ಟ ವಸ್ತುವನ್ನು ಕೆಟ್ಟದ್ದೆಂದೇ ಹೇಳಿ ಮಾರುವ ವಿಭಾಗ ಇವತ್ತಿಗೂ ಅಲ್ಲಿದೆ, ಬಿಡಿಭಾಗಕ್ಕಾಗಿ ಕೊಳ್ಳುವವರೂ ಇದ್ದಾರೆ.

ನಮ್ಮವರ ಕ್ಯಾಮೆರಾಗಳಿಂದ ಶುರುಮಾಡಿದೆ. ಫಿಲ್ಮ್ ಕಾಲದ ನಿಕಾನ್ ಎಫ್‌ಎಂ2, ಜೊತೆಗೆ 105 ಮಿಲಿಮೀಟರಿನ ನಿಕ್ಕೋರ್ ಲೆನ್ಸ್. ಹರಾಜಿಗೆ ಇಂಥ ವಸ್ತು ಬೇಕು: ಜಗತ್ತಿನಾದ್ಯಂತ ಹೆಸರು ಗೊತ್ತಿರುವ, ಹೊಸದಾಗಿ ತಯಾರಾಗದ, ಒಂದಕ್ಕಿಂತ ಒಂದರ ಸ್ಥಿತಿ ಬೇರೆಯಾಗಿರುವ ವಸ್ತು. ಎಫ್‌ಎಂ2ಗೆ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಶಟರ್ ಪೂರ್ತಿ ಯಾಂತ್ರಿಕ, ಸೆಕೆಂಡಿನ 4000ದಲ್ಲಿ ಒಂದು ಭಾಗದವರೆಗೆ ಓಡುತ್ತದೆ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ 1985ರ ಮುಖಪುಟದಲ್ಲಿ ಬಂದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರವನ್ನು ತೆಗೆದದ್ದು ಇದೇ ಮಾದರಿಯ ಕ್ಯಾಮೆರಾ, ಇದೇ 105ರ ಲೆನ್ಸ್ ಜೋಡಿಯಲ್ಲಿ. ಅದು ತಿಳಿದವರು ಈಗಲೂ ಈ ಜೋಡಿಯನ್ನು ಹುಡುಕುತ್ತಾರೆ. ಅಂದರೆ ಒಬ್ಬರಲ್ಲ, ಇಬ್ಬರು ಮೂವರು ಬರುತ್ತಾರೆ ಎಂಬ ಧೈರ್ಯ.

ಆದರೆ ಎಷ್ಟಕ್ಕೆ ಎಂಬುದನ್ನು ಊಹಿಸುತ್ತ ಕೂರಬೇಕಿಲ್ಲ. ಇಬೇಯಲ್ಲಿ ಹುಡುಕಿದಾಗ ಕಾಣಿಸುವ ಬೆಲೆಗಳು ಮಾರುವವರ ಆಸೆಗಳು, ಅವುಗಳಿಗೆ ಮರುಳಾಗಬೇಡಿ. ಸೋಸುವ ಆಯ್ಕೆಗಳಲ್ಲಿ ‘ಸೋಲ್ಡ್ ಐಟಮ್ಸ್’ ಎಂಬುದನ್ನು ಒತ್ತಿದರೆ ಹಿಂದಿನ 90 ದಿನಗಳಲ್ಲಿ ನಿಜವಾಗಿ ಕೈಬದಲಾದವುಗಳ ಬೆಲೆ ಕಾಣುತ್ತದೆ. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ ಇದು. ಬಂಗಾರದಂಗಡಿಯವರೂ ಪಕ್ಕದ ಗಿರಾಕಿಗೆ ಎಷ್ಟಕ್ಕೆ ಕೊಟ್ಟೆವೆಂದು ನಿಮಗೆ ತೋರಿಸುವುದಿಲ್ಲ. ಇಲ್ಲಿ ಎಲ್ಲವೂ ಬಯಲು. ಒಂದು ಸಂಜೆ ಕೂತು ಈ ಪಟ್ಟಿ ನೋಡಿದರೆ ಗ್ಯಾರೇಜಿನ ಅರ್ಧ ಭ್ರಮೆ ಇಳಿಯುತ್ತದೆ. ನಮ್ಮವರು ತಮ್ಮ ಹಳೆಯ ಸ್ಲೈಡ್ ಪ್ರೊಜೆಕ್ಟರಿಗೆ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಬೆಲೆ ಆ ಸಂಜೆಯೇ ಕರಗಿತು.

ವಿವರಣೆ ಬರೆಯುವುದರಲ್ಲಿ ಇವರಿಗೂ ನನಗೂ ಜಗಳವಾಯಿತು. “ಮಾರಾಯ್ತಿ, ಲೆನ್ಸ್ ಮೂಲೆಯಲ್ಲಿರುವ ಅಷ್ಟು ಸಣ್ಣ ಗೀರನ್ನು ಇಷ್ಟು ದೊಡ್ಡ ಚಿತ್ರ ತೆಗೆದು ಹಾಕಬೇಕೆ?” ಎಂದರು. “ಈಗ ನಾನು ತೋರಿಸದಿದ್ದರೆ ಆಮೇಲೆ ಅವರು ತೋರಿಸುತ್ತಾರೆ, ಸುಮ್ಮನಿರಿ” ಎಂದೆ. ಇದು ಪ್ರಾಮಾಣಿಕತೆಯ ಪಾಠವಲ್ಲ, ವ್ಯಾಪಾರದ ಲೆಕ್ಕ. ವಸ್ತು ವರ್ಣನೆಯಂತಿಲ್ಲ ಎಂದು ಕೊಂಡವರು ದೂರು ಕೊಟ್ಟು ಅದು ಊರ್ಜಿತವಾದರೆ ಹಿಂದಿರುಗಿಸುವ ಅಂಚೆ ಖರ್ಚೂ ಮಾರಿದವರ ತಲೆಗೇ ಬರುತ್ತದೆ. ನೀವು ‘ವಾಪಸು ತೆಗೆದುಕೊಳ್ಳುವುದಿಲ್ಲ’ ಎಂದು ಬರೆದಿದ್ದರೂ ಅದು ನಿಮ್ಮನ್ನು ಕಾಯುವುದಿಲ್ಲ. ಕೊಳ್ಳುವವರಿಗೆ ಇಬೇ ಕೊಟ್ಟಿರುವ ಹಣ ಮರಳಿಸುವ ಭರವಸೆ ಅದಕ್ಕಿಂತ ಮೇಲು. ಒಂದು ವಸ್ತುವಿಗೆ 24 ಚಿತ್ರಗಳವರೆಗೆ ಉಚಿತವಾಗಿ ಹಾಕಬಹುದು. ಹಾಕಿ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂತೆ ಹಬ್ಬಿದ ಬೂಷ್ಟು ಇದೆಯೇ ನೋಡಿ. ಊರಿನ ಮಳೆಗಾಲ ಕಂಡ ಲೆನ್ಸುಗಳಲ್ಲಿ ಅದು ಸಾಮಾನ್ಯ. ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ.

ಶೀರ್ಷಿಕೆಗೆ 80 ಅಕ್ಷರಗಳ ಮಿತಿ. ‘ಅದ್ಭುತ’, ‘ನೋಡಲೇಬೇಕು’ ಎಂಬ ವಿಶೇಷಣಗಳಿಗೆ ಅಲ್ಲಿ ಜಾಗವಿಲ್ಲ. ಜನ ಹುಡುಕುವಾಗ ಏನು ಒತ್ತುತ್ತಾರೋ ಅದನ್ನೇ ಬರೆಯಬೇಕು: ಕಂಪನಿ, ಮಾದರಿ, ಅಳತೆ, ಬಣ್ಣ. ಎಫ್‌ಎಂ2ರ ನಂತರದ ಅವತರಣಿಕೆಯಲ್ಲಿ ಕ್ರಮಸಂಖ್ಯೆಯ ಮುಂದೆ ಎನ್ ಅಕ್ಷರ ಇರುತ್ತದೆ. ನಮ್ಮದರಲ್ಲಿ ಅದಿತ್ತು, ಆದ್ದರಿಂದ ಶೀರ್ಷಿಕೆಯಲ್ಲೂ ಅದು ಸೇರಿತು. ಇನ್ನೊಂದು ಮಾತು: ‘ಪರೀಕ್ಷಿಸಿಲ್ಲ’ ಎಂದು ಬರೆದರೆ ತಿಳಿದವರು ಅದನ್ನು ‘ಕೆಟ್ಟಿದೆ’ ಎಂದು ಓದುತ್ತಾರೆ, ಕೂಗುವ ಮೊತ್ತವನ್ನೂ ಅದಕ್ಕೆ ತಕ್ಕಂತೆ ಇಳಿಸುತ್ತಾರೆ. ಎರಡು ಬಟನ್ ಸೆಲ್ ಹಾಕಿ ಮೀಟರಿನ ದೀಪ ಹೊತ್ತುವ ಚಿತ್ರವೊಂದನ್ನು ತೆಗೆದರೆ ಆ ನಷ್ಟ ತಪ್ಪುತ್ತದೆ.

ಹರಾಜು ಯಾವಾಗ ಮುಗಿಯಬೇಕೆಂಬುದು ನೀವು ವಸ್ತುವನ್ನು ಪಟ್ಟಿಗೆ ಹಾಕುವ ಹೊತ್ತಿನ ಮೇಲೆ ಹೋಗುತ್ತದೆ. ಏಳು ದಿನದ ಹರಾಜನ್ನು ಭಾನುವಾರ ಸಂಜೆ ಆರಕ್ಕೆ ಹಾಕಿದರೆ ಮುಂದಿನ ಭಾನುವಾರ ಸಂಜೆ ಆರಕ್ಕೇ ಮುಗಿಯುತ್ತದೆ; ಆಗ ನ್ಯೂಯಾರ್ಕಿನಲ್ಲಿ ರಾತ್ರಿ ಒಂಬತ್ತು, ಅಮೆರಿಕದ ಎರಡೂ ಕರಾವಳಿಯವರು ಎಚ್ಚರವಾಗಿರುತ್ತಾರೆ. ಆರು ದಿನ ಏನೂ ನಡೆಯುವುದಿಲ್ಲ ಎಂದು ಕೈಚೆಲ್ಲಬೇಡಿ. ಹಳಬರು ಕೊನೆಯ ಕೆಲವು ಸೆಕೆಂಡುಗಳಲ್ಲಿ ಬಂದು ಕೂಗಿ ಹೋಗುತ್ತಾರೆ, ಏಕೆಂದರೆ ನಿಗದಿತ ಸಮಯಕ್ಕೆ ಇಬೇ ಹರಾಜು ಕಟ್ಟುನಿಟ್ಟಾಗಿ ಮುಗಿಯುತ್ತದೆ. ಕೊನೆಯ ಕೂಗು ಬಿತ್ತೆಂದು ಎರಡು ನಿಮಿಷ ಮುಂದೂಡುವ ಪದ್ಧತಿ ಇಲ್ಲ. ಇವರು ಆ ಕೊನೆಯ ನಿಮಿಷದಲ್ಲಿ ಕ್ರಿಕೆಟ್ಟಿನ ಕೊನೆಯ ಓವರ್ ನೋಡುವವರ ಹಾಗೆ ಎದ್ದು ನಿಂತುಬಿಟ್ಟರು. ಕ್ಯಾಮೆರಾ ಹೋಯಿತು, ‘ಸೋಲ್ಡ್’ ಪಟ್ಟಿ ಹೇಳಿದ್ದಕ್ಕಿಂತ ತುಸು ಹೆಚ್ಚಿಗೇ ಹೋಯಿತು.

ಈಗ ಶುಲ್ಕದ ಮಾತು. ತಿಂಗಳಿಗೆ 250 ವಸ್ತುಗಳವರೆಗೆ ಪಟ್ಟಿಗೆ ಹಾಕಲು ಏನೂ ಕೊಡಬೇಕಿಲ್ಲ, ಆದ್ದರಿಂದ ಎಲ್ಲವೂ ಬಿಟ್ಟಿ ಎನ್ನಿಸುತ್ತದೆ. ಕತ್ತರಿ ಬೀಳುವುದು ಮಾರಿದ ಮೇಲೆ. ಇಬೇಯಲ್ಲಿ ಅಂಗಡಿ ಇಡುವ ಚಂದಾ ಕಟ್ಟದ ನಮ್ಮಂಥವರಿಗೆ ಅಮೆರಿಕದಲ್ಲಿ ಬಹುತೇಕ ವಿಭಾಗಗಳಿಗೆ 2025ರ ಫೆಬ್ರವರಿಯಿಂದ ದರ ಶೇಕಡ 13.6, ಪುಸ್ತಕಗಳಿಗೆ 15.3. ಅದರ ಮೇಲೆ 10 ಡಾಲರ್ ದಾಟಿದ ಪ್ರತಿ ಆರ್ಡರಿಗೆ 40 ಸೆಂಟು. ನನಗೆ ಸಿಟ್ಟು ಬರಿಸುವುದು ಈ ಶೇಕಡಾವಾರು ಅಲ್ಲ, ಅದನ್ನು ಯಾವುದರ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದು. ಗಿರಾಕಿ ಕೊಟ್ಟ ಒಟ್ಟು ಮೊತ್ತದ ಮೇಲೆ. ಅಂದರೆ ಅಂಚೆ ಖರ್ಚು, ಸರ್ಕಾರಕ್ಕೆ ಹೋಗುವ ಮಾರಾಟ ತೆರಿಗೆ ಎಲ್ಲ ಸೇರಿಸಿ.

ಉದಾಹರಣೆಗೆ ಲೆನ್ಸ್ 120 ಡಾಲರಿಗೆ ಹೋಯಿತು, ಅಂಚೆಗೆ 12, ತೆರಿಗೆ 10 ಎಂದಿಟ್ಟುಕೊಳ್ಳಿ. ಗಿರಾಕಿ ಕೊಟ್ಟದ್ದು 142. ಅದರ 13.6 ಶೇಕಡ 19 ಡಾಲರ್ 31 ಸೆಂಟು, ಮೇಲಿನ 40 ಸೆಂಟು ಸೇರಿ 19.71. ತೆರಿಗೆ ನಿಮ್ಮ ಕೈಗೆ ಬರುವುದೇ ಇಲ್ಲ, ಆದರೂ ಅದರ ಮೇಲೆ ಕಮಿಷನ್ ಕೊಟ್ಟಿದ್ದೀರಿ. ಅಂಚೆಯ 12 ಅಂಚೆಗೇ ಹೋಯಿತು. ಉಳಿದದ್ದು 100 ಡಾಲರ್ ಚಿಲ್ಲರೆ. ಪೆಟ್ಟಿಗೆ, ಬಬಲ್ ಹಾಳೆ, ಟೇಪು ಇನ್ನೂ ಲೆಕ್ಕಕ್ಕೆ ಬಂದಿಲ್ಲ. 120ಕ್ಕೆ ಮಾರಿದೆ ಎಂದು ಫೋನಿನಲ್ಲಿ ಅಕ್ಕನಿಗೆ ಹೇಳುವುದು ಬೇರೆ, ಬ್ಯಾಂಕಿಗೆ ಬರುವುದು ಬೇರೆ. ಇದೇ ಕಂಪನಿ ಜರ್ಮನಿಯಲ್ಲಿ 2023ರಿಂದ, ಬ್ರಿಟನ್ನಿನಲ್ಲಿ 2024ರಿಂದ ಮನೆಯ ಸಾಮಾನು ಮಾರುವ ಖಾಸಗಿ ವ್ಯಕ್ತಿಗಳಿಗೆ ಮಾರಾಟ ಶುಲ್ಕವನ್ನೇ ತೆಗೆದಿದೆ. ಅಲ್ಲಿ ಎದುರಾಳಿ ತಾಣಗಳ ಕಾಟ ಹೆಚ್ಚು, ಇಲ್ಲಿ ಅಷ್ಟಿಲ್ಲ. ವ್ಯಾಪಾರ ಎಂದರೆ ಅಷ್ಟೇ ಅಲ್ಲವೇ.

ಹೊಸಬರ ಹಣ ಕೂಡಲೇ ಕೈಗೆ ಬರುವುದಿಲ್ಲ ಎಂಬುದನ್ನೂ ತಿಳಿದಿರಿ. ಪೊಟ್ಟಣ ತಲುಪಿದ ಖಾತರಿ ಸಿಗುವವರೆಗೆ ತಡೆಹಿಡಿಯುತ್ತಾರೆ, ಅದು 30 ದಿನದವರೆಗೂ ಹೋಗಬಹುದು. ಮಾರುವ ಸಂಖ್ಯೆಗೂ ಮೊದಲಲ್ಲಿ ಮಿತಿ ಇರುತ್ತದೆ. ಊರಿಗೆ ಹೊರಡುವ ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಈ ಕೆಲಸ ಶುರುಮಾಡುವವರಿಗೆ ಇದು ಆಗದ ಮಾತು. ಆರು ತಿಂಗಳ ಮೊದಲೇ ಕೂರಬೇಕು. ಸೊನ್ನೆ ಅಭಿಪ್ರಾಯಗಳ ಖಾತೆಯಿಂದ ಕ್ಯಾಮೆರಾ ಮಾರಹೊರಟರೆ ಜನ ಅನುಮಾನಿಸುವುದು ಸಹಜ. ಆದ್ದರಿಂದ ಮೊದಲು ಬ್ಯಾಟರಿ, ಬಬಲ್ ಹಾಳೆಯಂಥ ಸಣ್ಣಪುಟ್ಟದ್ದನ್ನು ಅಲ್ಲೇ ಕೊಂಡು ಒಳ್ಳೆಯ ಹೆಸರು ಪಡೆದಿರಿ. ಕೊಂಡವರು ನಿಮ್ಮ ಬಗ್ಗೆ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆಯಬಹುದು. 2008ರಿಂದೀಚೆಗೆ ಮಾರುವವರು ಕೊಂಡವರ ಬಗ್ಗೆ ಕೆಟ್ಟ ಅಭಿಪ್ರಾಯ ದಾಖಲಿಸುವಂತಿಲ್ಲ. ಅಲ್ಲಿಗೆ ಈ ಅಂಗಡಿ ಯಾರ ಪಕ್ಷ ಎಂಬುದು ಸ್ಪಷ್ಟ.

ಗೆದ್ದವರು ಹಣವನ್ನೇ ಕೊಡದೆ ಮಾಯವಾಗುವುದೂ ಉಂಟು. ಪಿಟೀಲು ಕಲಿಸುತ್ತೇನೆಂದು ಪರಿಚಯ ಮಾಡಿಕೊಂಡು, ಮಗಳ ಹಳೆಯ ಪಿಟೀಲಿಗೆ ಭಾರಿ ಕೂಗು ಕೂಗಿದ ಒಬ್ಬರು ಗೆದ್ದ ಮೇಲೆ ಉತ್ತರವನ್ನೇ ಕೊಡಲಿಲ್ಲ. ನಾಲ್ಕು ದಿನ ಕಾದು ವ್ಯಾಪಾರ ರದ್ದು ಮಾಡುವುದು, ಸಾಧ್ಯವಾದರೆ ಎರಡನೆಯವರಿಗೆ ಅವರು ಕೂಗಿದ ಬೆಲೆಗೆ ಕೇಳುವುದು. ಕೇಳಿದೆ, ಕೊಂಡರು. ಇಲ್ಲೂ ಎರಡನೆಯವರೇ. ಇನ್ನೊಬ್ಬರು ತಾಣದ ಹೊರಗೆ ಮೊಬೈಲಿಗೆ ಸಂದೇಶ ಕಳಿಸಿ, ಹೆಚ್ಚು ಮೊತ್ತದ ಚೆಕ್ ಕೊಡುತ್ತೇನೆ, ಬೇರೆ ರಾಜ್ಯದ ವಿಳಾಸಕ್ಕೆ ಕಳಿಸಿ ಎಂದರು. ಅದಕ್ಕೆ ಉತ್ತರಿಸುವ ಸೌಜನ್ಯವೂ ಬೇಕಿಲ್ಲ. ಆರ್ಡರಿನಲ್ಲಿರುವ ವಿಳಾಸಕ್ಕೆ, ಟ್ರ್ಯಾಕಿಂಗ್ ಸಂಖ್ಯೆಯೊಂದಿಗೆ ಕಳಿಸಿದರೆ ಮಾತ್ರ ಪೊಟ್ಟಣ ಬರಲಿಲ್ಲ ಎಂಬ ದೂರಿಗೆ ನಿಮ್ಮಲ್ಲಿ ಜವಾಬು ಇರುತ್ತದೆ. 750 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ವಸ್ತುವಿಗೆ ಪಡೆದವರ ಸಹಿಯೂ ಬೇಕು.

ಅಂಚೆಯ ಬಗ್ಗೆ ನನಗೆ ದೂರಿಲ್ಲ, ಪ್ರೀತಿಯೇ. ಇಬೇಯಲ್ಲೇ ಲೇಬಲ್ ಮುದ್ರಿಸಿಕೊಂಡರೆ ಅಂಚೆ ಕಚೇರಿಯ ಕಿಟಕಿಯ ದರಕ್ಕಿಂತ ಅಗ್ಗ. ಅಮೆರಿಕದ ಅಂಚೆ ಇಲಾಖೆ 2023ರಲ್ಲಿ ಶುರುಮಾಡಿದ ಗ್ರೌಂಡ್ ಅಡ್ವಾಂಟೇಜ್ ಸೇವೆಯಲ್ಲಿ 100 ಡಾಲರ್ ವಿಮೆ ಸೇರಿಯೇ ಇರುತ್ತದೆ. ಪ್ರಯಾರಿಟಿ ಮೇಲ್ ಪೆಟ್ಟಿಗೆಗಳನ್ನು ಅವರೇ ಬಿಟ್ಟಿಯಾಗಿ ಕೊಡುತ್ತಾರೆ, ಆದರೆ ಅವುಗಳಲ್ಲಿ ಆ ಸೇವೆಗೇ ಕಳಿಸಬೇಕು. ಪುಸ್ತಕಗಳಿಗೆ ಮೀಡಿಯಾ ಮೇಲ್. ನಿಧಾನ, ಆದರೆ ಭಾರದ ಪಠ್ಯಪುಸ್ತಕಕ್ಕೆ ಅದೊಂದೇ ಗಿಟ್ಟುವ ದಾರಿ. ಅಡುಗೆಮನೆಯ ತಕ್ಕಡಿಯಲ್ಲಿ ಪ್ಯಾಕ್ ಮಾಡಿದ ನಂತರ ತೂಗಬೇಕು, ಪೆಟ್ಟಿಗೆಗೂ ತೂಕವಿದೆ. ಒಮ್ಮೆ ಮಾತ್ರ ಹೆಸರು ಹೇಳಬಾರದ ಒಂದು ಖಾಸಗಿ ಕೊರಿಯರಿನವರು ಗಾಜಿನ ದೀಪವೊಂದನ್ನು ಪುಡಿಮಾಡಿ ತಲುಪಿಸಿದರು. ಪ್ಯಾಕ್ ಮಾಡುವಾಗ ಹಂತಹಂತವಾಗಿ ತೆಗೆದಿದ್ದ ಚಿತ್ರಗಳಿದ್ದುದರಿಂದ ವಿಮೆಯ ಹಣ ಬಂತು. ದೀಪ ಬರಲಿಲ್ಲ.

ಸೀರೆಗಳ ವಿಷಯ ಸ್ವಲ್ಪ ಬೇರೆ. ಹಳೆಯ ರೇಷ್ಮೆ ಸೀರೆಗಳಿಗೆ ಇಬೇಯಲ್ಲಿ ನಿಜವಾಗಿಯೂ ಬೇಡಿಕೆ ಇದೆ, ಕೊಳ್ಳುವವರಲ್ಲಿ ಉಡುವವರಿಗಿಂತ ಕತ್ತರಿಸುವವರು ಕಾಣುತ್ತಾರೆ. ಐದೂವರೆ ಮೀಟರಿನ ಒಳ್ಳೆಯ ರೇಷ್ಮೆ ಬಟ್ಟೆ ಆ ಬೆಲೆಗೆ ಅವರಿಗೆ ಬೇರೆಲ್ಲೂ ಸಿಗುವುದಿಲ್ಲ. ಪರದೆ, ದಿಂಬಿನ ಹೊದಿಕೆ, ಗೌನು ಹೊಲಿಯುತ್ತಾರೆ. ಪಟ್ಟಿಗಳ ವಿವರಣೆಯಲ್ಲೇ ‘ಕರಕುಶಲಕ್ಕೆ, ಹೊಲಿಗೆಗೆ’ ಎಂದು ಬರೆದಿರುತ್ತಾರೆ. ಸಿಂಥೆಟಿಕ್ ಸೀರೆಗಳನ್ನು ಹಾಗೆ ಸಂತೋಷದಿಂದ ಮಾರಿದೆ. ಕೆಎಸ್‌ಐಸಿ ಮಳಿಗೆಯಲ್ಲಿ ಕೊಂಡ ಮೈಸೂರು ರೇಷ್ಮೆಯನ್ನು ಪಟ್ಟಿಗೆ ಹಾಕಲು ಕೈ ಏಳಲಿಲ್ಲ. ಇದರಲ್ಲಿ ತರ್ಕವಿಲ್ಲ, ಇರಬೇಕೆಂದೂ ಇಲ್ಲ. ಅದು ನನ್ನ ಜೊತೆ ಊರಿಗೆ ಬರುತ್ತದೆ.

ಉಳಿದ ಸಾಮಾನಿನ ಗತಿ ಬೇಗ ಹೇಳುತ್ತೇನೆ. ಮಗನ ಲೆಗೊ ತುಂಡುಗಳನ್ನು ವಿಂಗಡಿಸದೆ ತೂಕದ ಲೆಕ್ಕದಲ್ಲೇ ಮಾರಬಹುದು, ಕೊಳ್ಳುವವರಿಗೆ ಆರಿಸುವುದೇ ಖುಷಿ. ಶಾಲೆಯವರು ಕೊಳ್ಳಲು ಹೇಳುವ ಟಿಐ-84 ಕ್ಯಾಲ್ಕುಲೇಟರನ್ನು ಹರಾಜಿಗೆ ಹಾಕಬೇಡಿ. ಅದರ ಬೆಲೆ ಎಲ್ಲರಿಗೂ ಗೊತ್ತು, ಎರಡನೆಯವರು ಕಾತರದಿಂದ ಏರಿಸುವುದಿಲ್ಲ. ನಿಗದಿತ ಬೆಲೆ ಹಾಕಿ, ಶಾಲೆ ತೆರೆಯುವ ಆಗಸ್ಟಿನಲ್ಲಿ ಮಾರಿ. ಊಟದ ತಟ್ಟೆ, ಕುಕ್ಕರು, ಬ್ರೆಡ್ ಯಂತ್ರ ಇವುಗಳ ಅಂಚೆ ಖರ್ಚೇ ವಸ್ತುವಿನ ಬೆಲೆಯನ್ನು ದಾಟುತ್ತದೆ, ದಾನ ಮಾಡಿ. 110 ವೋಲ್ಟಿನ ಸುಮೀತ್ ಮಿಕ್ಸಿಯನ್ನು ಇಬೇಗೆ ಹಾಕುವ ಅಗತ್ಯವೇ ಬೀಳಲಿಲ್ಲ. ನಮ್ಮ ಕನ್ನಡ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಸಂಜೆಯೇ ಹೊಸದಾಗಿ ಬಂದ ವಿದ್ಯಾರ್ಥಿ ದಂಪತಿ ಬಂದು, ದೋಸೆ ಹಿಟ್ಟು ರುಬ್ಬುತ್ತದೆಯೇ ಎಂದು ವಿಚಾರಿಸಿ ಒಯ್ದರು. ಹಣ ತೆಗೆದುಕೊಳ್ಳಲು ಇವರು ಬಿಡಲಿಲ್ಲ.

ಆದಾಯ ತೆರಿಗೆ ಎಂದು ಹೆದರಿಸುವವರಿದ್ದಾರೆ. ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಮಾರಿದ ಸ್ವಂತ ಬಳಕೆಯ ವಸ್ತುವಿನ ಮೇಲೆ ಇಲ್ಲಿ ಲಾಭವೂ ಇಲ್ಲ, ತೆರಿಗೆಯೂ ಇಲ್ಲ. ಕೊಂಡ ರಸೀದಿ ಇದ್ದರೆ ಇಟ್ಟುಕೊಳ್ಳಿ. ಹೆಚ್ಚಿಗೆ ಹೋದ ಅಪರೂಪದ ವಸ್ತುವಿದ್ದರೆ ಲೆಕ್ಕಿಗರನ್ನು ಕೇಳಿ.

ಬೆಂಗಳೂರಿನಲ್ಲಿರುವ ಭಾವ, ಅವರ ಅಟ್ಟದ ಮೇಲಿನ ವಾಲ್ವ್ ರೇಡಿಯೊವನ್ನು ಹೀಗೆಯೇ ಮಾರಬಹುದೇ ಎಂದು ಕೇಳುತ್ತಿದ್ದಾರೆ. ಅಲ್ಲಿ ದಾರಿ ಕಿರಿದು. ಬಾಜೀ.ಕಾಂ ಎಂಬ ಭಾರತದ ಹರಾಜು ತಾಣವನ್ನು ಇಬೇ 2004ರಲ್ಲಿ ಕೊಂಡು ಇಬೇ ಇಂಡಿಯಾ ಮಾಡಿತು, 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಪಾಲಾಯಿತು, 2018ರ ಆಗಸ್ಟಿನಲ್ಲಿ ಮುಚ್ಚಿತು. ಈಗ ಭಾರತದಿಂದ ಇಬೇಯಲ್ಲಿ ಮಾರುವವರು ಬಹುಪಾಲು ರಫ್ತು ವ್ಯಾಪಾರಿಗಳು. ಒಂದು ರೇಡಿಯೊಗಾಗಿ ಅಷ್ಟೆಲ್ಲ ಕಾಗದ ಪತ್ರದ ಗೋಜು ಬೇಡ ಭಾವ, ಓಎಲ್‌ಎಕ್ಸ್‌ನಲ್ಲಿ ಹಾಕಿ, ಚೌಕಾಸಿಗೆ ತಯಾರಾಗಿ ಕೂತಿರಿ ಎಂದು ಬರೆದಿದ್ದೇನೆ. ಬೆಲೆ ಹೇಳುವ ಮೊದಲು ಇಬೇಯ ‘ಸೋಲ್ಡ್’ ಪಟ್ಟಿಯಲ್ಲಿ ಅದೇ ಮಾದರಿ ಎಷ್ಟಕ್ಕೆ ಹೋಗಿದೆ ನೋಡಿಕೊಳ್ಳಿ ಎಂದೂ ಹೇಳಿದ್ದೇನೆ. ಅದನ್ನು ನೋಡಲು ಶುಲ್ಕವೇನೂ ಇಲ್ಲ.